ದೊರೆಸಾನಿಯ ಬೂಟು

ಯುದ್ಧದ ಕಾಲದಲ್ಲಿ, ಆಸ್ಪತ್ರೆ ಕೆಲಸಕ್ಕೆ ಸೇರುವ ಮೊದಲು ಕನ್ನಡ ಕಲಿಯಲೆಂದು ಒಬ್ಬ ದೊರೆಸಾನಿ ಬೂದಿಗೆರೆಯ ನಮ್ಮ ಮನೆಯಲ್ಲಿ ಒಂದು ಬೇಸಿಗೆ ಇದ್ದಳು. ನಾನು ಆಗ ಹೊಸ ಸೊಸೆ. ಬಂದ ದಿನವೇ ಬೂಟು ಬಿಚ್ಚಿ ಅಟ್ಟದ ಮೇಲಿಟ್ಟು, “ನಾನು ನಿಮ್ಮ ಹಾಗೆಯೇ ಇರುತ್ತೇನೆ” ಎಂದಳು. ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡರೂ ಅದೇ ಮಾತು, ಚಾಪೆಯ ಮೇಲೆ ಮಲಗಿ ಸೊಂಟ ಹಿಡಿದುಕೊಂಡರೂ ಅದೇ ಮಾತು. ಯಾರಾದರೂ ನೋಡಲು ಬಂದರೆ ಅಂಗಾಲು ಎತ್ತಿ ತೋರಿಸುವಳು. ಬೊಬ್ಬೆ ಎದ್ದಿರುವುದೇ ಅವಳಿಗೆ ಸಂಭ್ರಮ.

ಇರಲಿ, ಯಾರು ಬೇಡವೆಂದರು? ಆದರೆ ನನ್ನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೀವಾಗಿತ್ತು. ದಿನಾ ಹೊಲಕ್ಕೆ ಬುತ್ತಿ ಹೊರುವವಳು ನಾನೇ. ದೇವನಹಳ್ಳಿ ಸಂತೆಯಿಂದ ಎಕ್ಕಡ ತಂದುಕೊಡುತ್ತೇನೆಂದು ನನ್ನ ಗಂಡ ಹೊರಟಿದ್ದರು. ಮಾವ ತಡೆದರು.

“ಅಷ್ಟು ದೊಡ್ಡ ದೊರೆಸಾನೀನೇ ಬರಿಗಾಲಲ್ಲಿ ಓಡಾಡ್ತಾಳೆ. ನಿನ್ನ ಹೆಂಡ್ತಿ ಏನು ಮಹಾರಾಣಿಯೇನ್ಲಾ?”

ಪಕ್ಕದಲ್ಲೇ ಕೂತಿದ್ದ ದೊರೆಸಾನಿ ಹೆಮ್ಮೆಯಿಂದ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಎಕ್ಕಡ ಬರಲೇ ಇಲ್ಲ.

ಮಳೆ ಹಿಡಿಯುವ ಮುಂಚೆ ಅವಳು ಹೊರಟಳು. ಬಸ್ಸು ಬರುವ ರಸ್ತೆ ದೂರ. ಅವಳ ಪೆಟ್ಟಿಗೆ ನನ್ನ ತಲೆಗೆ ಬಂತು. ಅವಳು ಅಟ್ಟದಿಂದ ಬೂಟು ಇಳಿಸಿ, ಧೂಳು ಒರೆಸಿ, ಕಾಲಿಗೆ ಹಾಕಿಕೊಂಡಳು.

“ಯಾಕಮ್ಮ, ನಮ್ಮ ಹಾಗೇ ಬರಲ್ವಾ?” ಅಂದೆ.

ನಾನೇನೋ ತಿಳಿಯದವಳ ಹಾಗೆ ಕೇಳಿದೆನೆಂಬಂತೆ ನನ್ನ ಮುಖ ನೋಡಿದಳು.

“ಅಷ್ಟು ದೂರ ಬರಿಗಾಲಿನಲ್ಲಿ ಹೇಗಮ್ಮ ನಡೆಯುವುದು?” ಎಂದಳು, ಬೂಟಿನ ಲಾಡಿ ಬಿಗಿಯುತ್ತ.