‘ನಾನೆ’ ಅಂದರೆ ಎಂಟು

2006ರಲ್ಲಿ ನಾನು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿದ್ದ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಟೆಸ್ಟಿಂಗ್ ಮ್ಯಾನೇಜರ್ ಆಗಿದ್ದೆ. ಕಂಪನಿ ಲಂಡನ್ನಿನದು. ಮೊಬೈಲ್ ಸಂದೇಶದಿಂದ ಏನೇನು ಮಾಡಬಹುದೆಂದು ಬ್ರಿಟನ್ನಿನ ಕಂಪನಿಗಳು ಹುಡುಕುತ್ತಿದ್ದ ಕಾಲ ಅದು. ಅಲ್ಲಿನ ಆಸ್ಪತ್ರೆಗಳಿಗೆಂದು ಬರೆದ ನಮ್ಮ ಪ್ರೋಗ್ರಾಂ, ಡಾಕ್ಟರನ್ನು ಕಾಣಬೇಕಾದ ಹೊತ್ತನ್ನು ಹಿಂದಿನ ದಿನವೇ ರೋಗಿಗೆ ಎಸ್ಸೆಮ್ಮೆಸ್ ಮಾಡಿ ನೆನಪಿಸುತ್ತಿತ್ತು. ಅದನ್ನು ಸ್ವಾಹಿಲಿಗೆ ತಂದು ನೈರೋಬಿಯ ಒಂದು ಹೆರಿಗೆ ಕ್ಲಿನಿಕ್ಕಿನಲ್ಲಿ ಶುರುಮಾಡುವ ಜವಾಬ್ದಾರಿ ನನ್ನದು. ಬಸುರಿಯರು ದೂರದಿಂದ ಮಟಾಟು ವ್ಯಾನು ಹಿಡಿದು ಬರುವವರು. ಡಾಕ್ಟರು ಇರುತ್ತಿದ್ದುದು ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮಾತ್ರ.

ನನ್ನ ಹೆಂಡತಿ ಸುಧಾ ನಮ್ಮ ಮನೆಯ ಹತ್ತಿರದ ಹೈರಿಡ್ಜ್‌ನ ಸಂತೆಯಲ್ಲೇ ಸ್ವಾಹಿಲಿ ಕಲಿತಿದ್ದಳು. ಆ ಭಾಷೆಯಲ್ಲಿ ಎಂಟಕ್ಕೆ ‘ನಾನೆ’ ಎನ್ನುತ್ತಾರೆ. ಅದು ಗೊತ್ತಾದ ಮೇಲೆ ನಾನು ಬಾಗಿಲು ತಟ್ಟಿ ‘ನಾನೇ’ ಅಂದಾಗಲೆಲ್ಲ ಒಳಗಿನಿಂದ “ಎಂಟಾ? ಬಂದೆ ಇರಿ” ಎಂಬ ಉತ್ತರ ಬರುತ್ತಿತ್ತು.

ಮರುದಿನದಿಂದ ಸಂದೇಶಗಳು ಹೊರಡಬೇಕಿತ್ತು. ಪರೀಕ್ಷೆಗೆಂದು ಸುಧಾಳ ನಂಬರನ್ನೂ ಸೇರಿಸಿದ್ದೆ. ಆ ಸಂಜೆ ಬಾಗಿಲು ತೆರೆದವಳೇ ಫೋನು ಮುಂದೆ ಹಿಡಿದಳು.

“ರೀ, ನಾಳೆ ‘ಸಾ ನಾನೆ’ಗೆ ಬರಬೇಕಂತೆ. ಯಾವಾಗ ಅದು?”

“ಎಂಟು ಗಂಟೆಗೆ. ನೀನೇ ತಾನೇ ಹೇಳಿಕೊಟ್ಟಿದ್ದು?”

“ಎಂಟು ಸರಿ, ಎಂಟು ಗಂಟೆ ಅಲ್ಲ. ತರಕಾರಿಯವಳಿಗೆ ಒಂದಿನ ಸಾ ನಾನೆಗೆ ಬಾ ಅಂದಿದ್ದೆ. ಬಂದಿದ್ದು ಮಧ್ಯಾಹ್ನ ಎರಡಕ್ಕೆ. ಆವತ್ತು ನೀವು ಬರೀ ಮೊಸರನ್ನ ತಿಂದು ಮುಖ ಊದಿಸಿಕೊಂಡಿರಲಿಲ್ವಾ?”

ಫೋನು ತೆಗೆದುಕೊಂಡು ಸಂದೇಶವನ್ನು ಮತ್ತೊಮ್ಮೆ ಓದಿದೆ.

“ಇವರು ಬೆಳಗಿನಿಂದ ಎಣಿಸ್ತಾರೆ ಕಣ್ರೀ. ಸೂರ್ಯ ಹುಟ್ಟಿ ಎರಡು ಗಂಟೆ ಆದ್ರೆ ‘ಸಾ ಮ್ಬಿಲಿ’. ಅದು ನಿಮ್ಮ ಎಂಟು. ಪಂಚಾಂಗದಲ್ಲಿ ಘಳಿಗೆ ಎಣಿಸಲ್ವಾ, ಹಾಗೆ.”

ಸಹೋದ್ಯೋಗಿ ಮ್ವಾಂಗಿಗೆ ಫೋನು ಮಾಡಿದೆ. ಸ್ವಾಹಿಲಿ ಪದಗಳನ್ನು ತಿದ್ದಿಕೊಟ್ಟವನು ಅವನೇ. ಮೊದಲು ನಕ್ಕ, ಆಮೇಲೆ ನಗು ನಿಂತಿತು. “ಬಾಸ್, ಲಂಡನ್ನಿನವರು ಬರೀ ಅಂಕಿ ಕಳಿಸಿದ್ದರು. ಎಂಟಕ್ಕೆ ‘ನಾನೆ’ ಸರಿಯೇ ಅಂತ ಕೇಳಿದರು, ಸರಿ ಅಂದೆ. ಗಡಿಯಾರ ಯಾರು ತೋರಿಸಿದರು?”

ಲಂಡನ್ನಿನಲ್ಲಿ ಕಚೇರಿ ಇನ್ನೂ ತೆರೆದಿತ್ತು; ಅಲ್ಲಿಗೂ ಫೋನು ಮಾಡಿದೆ. ಪ್ರಾಜೆಕ್ಟಿನ ಮುಖ್ಯಸ್ಥೆ ಹೆಲೆನ್ ಕೇಳಿಸಿಕೊಂಡು, “ಪದವೇನೂ ತಪ್ಪಿಲ್ಲವಲ್ಲ? ನಾಳೆ ಶುರು ಅಂತ ಎಲ್ಲರಿಗೂ ಹೇಳಿಯಾಗಿದೆ. ಮುಂದಿನ ವರ್ಷನ್‌ನಲ್ಲಿ ಸರಿಮಾಡೋಣ” ಎಂದರು.

ಪಕ್ಕದಲ್ಲಿ ಸುಧಾ ನಿಂತಿದ್ದಳು. ಆಗ ಅವಳಿಗೆ ಆರು ತಿಂಗಳು. ಒಂದು ಕೈ ಹೊಟ್ಟೆಯ ಮೇಲಿತ್ತು.

“ಹೆಲೆನ್, ಬಸುರಿಯರು ನಾವು ಹೇಳಿದ ಹೊತ್ತಿಗೇ, ಮಧ್ಯಾಹ್ನ ಎರಡಕ್ಕೆ ಬರುತ್ತಾರೆ. ಆಗ ಡಾಕ್ಟರು ಇರುವುದಿಲ್ಲ” ಎಂದೆ.

ಡಾಕ್ಟರು ಎಷ್ಟರವರೆಗೆ ಇರುತ್ತಾರೆಂದು ಹೆಲೆನ್ ಇನ್ನೊಮ್ಮೆ ಕೇಳಿದರು. ಆಮೇಲೆ “ನಿಲ್ಲಿಸಿ. ಎಷ್ಟು ಸಮಯ ಬೇಕು, ಹೇಳಿ” ಎಂದರು.

ಒಂದು ವಾರ ತಡವಾಯಿತು. ಮ್ವಾಂಗಿ ಈ ಸಲ ಬಿಡಿ ಪದಗಳ ಬದಲು ಇಡೀ ವಾಕ್ಯಗಳನ್ನು ಓದಿದ. ಮೊದಲ ಸಂದೇಶಗಳು ಹೋದ ಮರುದಿನ ಬೆಳಿಗ್ಗೆ ನಾನೂ ಸುಧಾಳೂ ಕ್ಲಿನಿಕ್ಕಿಗೆ ಹೋದೆವು. ಎಂಟಾಗುವ ಮೊದಲೇ ಬೆಂಚುಗಳು ತುಂಬಿದ್ದವು. ಒಬ್ಬ ಹೆಂಗಸು ಸರಿದು ಸುಧಾಳಿಗೆ ಜಾಗ ಕೊಟ್ಟಳು. “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿ ಕೂತವಳು, ಡಾಕ್ಟರು ಬರುವವರೆಗೂ ಅಲ್ಲಿದ್ದವರೊಡನೆ ಹರಟೆ ಹೊಡೆದಳು. ಅವಳ ನಗು ನನಗೆ ಬಾಗಿಲವರೆಗೂ ಕೇಳುತ್ತಿತ್ತು.

ಯಾರಿಗಾದರೂ ಹೊತ್ತು ಹೇಳುವ ಮೊದಲು ಅವರ ದಿನ ಎಲ್ಲಿಂದ ಶುರುವಾಗುತ್ತದೆಂದು ಕೇಳಬೇಕು. ಆ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಕಲಿಸಿದವಳು ಸುಧಾ ಎಂದರೂ ಸರಿಯೇ.

ಅವಳು ಹೋಗಿ ಈ ಯುಗಾದಿಗೆ ಒಂದು ವರ್ಷವಾಯಿತು. ಈಗ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಆದರೂ ತೆರೆಯುವ ಮೊದಲು ಒಮ್ಮೆ ಬಾಗಿಲು ತಟ್ಟಿ, ‘ನಾನೇ’ ಎನ್ನುತ್ತೇನೆ.