ಕೂಸಿನ ಬುಟ್ಟಿಯ ಮೇಲೆ ಅಜ್ಜನ ಕಿವಿಯಂತ್ರ

೨ ಆಗಸ್ಟ್ ೧೯೯೮, ರವಿವಾರ, ಬೆಳಗಿನ ಹತ್ತೂ ಇಪ್ಪತ್ತು. ದೊಡವಾಡದ ನಮ್ಮ ಮನೆಯ ಬಚ್ಚಲಲ್ಲಿ ಅಜ್ಜಿ ಅಕ್ಕನ ಐದು ತಿಂಗಳ ಕೂಸಿಗೆ ಎರೆಯುತ್ತಿದ್ದಳು. ಅದರ 'ಆಂ ಗೂ' ಕೇಳಲು ಅಜ್ಜ ಬಾಗಿದ. ಅಂಗಿಯ ಜೇಬಿನಲ್ಲಿದ್ದ ಕಿವಿಯಂತ್ರ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ವೈರಿನ ಸಮೇತ ಬಕೆಟ್ಟಿನ ಬಿಸಿನೀರಿಗೆ ಬಿತ್ತು.

ಪಂಚಮಿ ಮುಗಿಸಿದ ಅಕ್ಕ ಕೂಸಿನೊಂದಿಗೆ ಸಂಜೆ ರಾಮದುರ್ಗಕ್ಕೆ, ಗಂಡನ ಮನೆಗೆ ಹೊರಡುವವಳು.

"ಕೂಸು ಹೋಗೂದ್ರಾಗ ಒಮ್ಮೆ ಅದರ ದನಿ ಕೇಳಬೇಕು ನೋಡು," ಎಂದ ಅಜ್ಜ. ತನ್ನ ದನಿ ತನಗೇ ಕೇಳದ್ದರಿಂದ ಓಣಿಗೆಲ್ಲ ಕೇಳಿಸಿದ.

ನಾನು ಮೊದಲು ಸೆಲ್ ತೆಗೆದೆ, ಆಮೇಲೆ ಸ್ಕ್ರೂ ಬಿಚ್ಚಿದೆ. ಒಳಗಿನ ಹಸಿರು ಹಲಗೆಯ ಮೇಲೆ ಹನಿಗಳು ನಿಂತಿದ್ದವು, ಇಬ್ಬನಿ ಬಿದ್ದ ಹೊಲವನ್ನು ಬಹಳ ಎತ್ತರದಿಂದ ನೋಡಿದಂತೆ. ಅರಳೆಯಿಂದ ಒರೆಸಿದೆ. ಹೊರಗೆ ಮೋಡ, ಬಿಸಿಲಿಲ್ಲ.

"ಕೂಸಿನ ತಲಿ ಹೆಂಗ ಒಣಗಸ್ತೇವಿ? ಹಂಗ ಒಣಗಸು," ಎಂದಳು ಅಜ್ಜಿ. ಎರೆದ ಕೂಸಿಗೆಂದು ಕೆಂಡಕ್ಕೆ ಲೋಬಾನ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿಯೇ ಇತ್ತು. ಕೂಸನ್ನು ಬುಟ್ಟಿಯ ಮೇಲಿಂದ ಎತ್ತಿದ ಬಳಿಕ ಯಂತ್ರವನ್ನು ಅಲ್ಲಿ ಮಲಗಿಸಿದೆವು.

ಕಾಕಾ ಬಾಗಿಲಲ್ಲೇ ನಕ್ಕ. "ಕಾಡಿಗಿನೂ ಹಚ್ಚಬೇ ಯವ್ವಾ, ದೃಷ್ಟಿ ಆದೀತು ಅದಕ್ಕ!"

"ನಿನ್ನೂ ಹಿಂಗ ಒಣಗಿಸೇನಿ. ಬಾಯಿ ಮುಚ್ಚು."

ಹೊಗೆ ಬುಟ್ಟಿಯ ಸಂದಿಗಳಿಂದ ಎದ್ದು ನಡುಮನೆಯಲ್ಲಿ ತಂಗಿತು. ಅದರಾಚೆ ಅಕ್ಕ ಸೀರೆ ಮಡಚುವುದು ನೀರೊಳಗೆ ನಡೆದಂತಿತ್ತು. ಅಜ್ಜ ಎಲ್ಲರ ತುಟಿಗಳನ್ನೇ ನೋಡುತ್ತ ಕುಳಿತಿದ್ದ.

ಮೂರೂವರೆಗೆ ಸೆಲ್ ಹಾಕಿದೆ. ಕುಂಯ್ ಎಂದಿತು! ಆದರೆ ಕೂಸಿಗೆ ನಿದ್ದೆ ಹತ್ತಿತ್ತು.

"ಎಬ್ಬಸ್ಲೇನ ಅಜ್ಜಾ?" ಅಕ್ಕ ಕೂಗಿದಳು.

"ಬ್ಯಾಡ." ಅಜ್ಜ ಯಂತ್ರವನ್ನು ಕೂಸಿನ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ, "ಉಸರು ಕೇಳಾಕತ್ತೈತಿ. ಮಲಪ್ರಭಾ ಹರದಂಗ," ಎಂದ.

ಸಂಜೆ ಬೈಲಹೊಂಗಲದ ಬಸ್ಸು ಅವರನ್ನು ಒಯ್ದಿತು; ಅಲ್ಲಿಂದ ರಾಮದುರ್ಗಕ್ಕೆ ಬೇರೆ ಬಸ್ಸು. ಅಜ್ಜ ಅಡ್ಡಾದಾಗ ನಾನು ಯಂತ್ರವನ್ನು ಕಿವಿಗಿಟ್ಟುಕೊಂಡೆ. ಎದುರಿಗೆ ಖಾಲಿ ಗೋಡೆ. ಆದರೂ ಅದೇ ಹರಿವು, ಸಣ್ಣಗೆ, ಬಿಡದೆ. ಅಜ್ಜನಿಗೆ ಹೇಳಲಿಲ್ಲ.

ಚೆನ್ನಾಗಿರುವ ಯಂತ್ರವೂ ಸುಮ್ಮನಿದ್ದಾಗ ಹೀಗೆ ಹರಿಯುತ್ತದೆಯೇ? ಮಲಗಿದ ಕೂಸಿನ ಉಸಿರು ಆ ಸದ್ದಿನ ನಡುವೆ ಬೇರೆಯಾಗಿ ಕೇಳಿಸಬಲ್ಲದೇ? ಇಂಥ ಜೇಬಿನ ಯಂತ್ರವನ್ನು ಬಳಸಿದವರು, ರಿಪೇರಿ ಮಾಡಿದವರು ದಯವಿಟ್ಟು ನನಗೊಂದು ಸಾಲು ಬರೆಯಿರಿ.