ರೋಲರಿಗೆ ಕಲ್ಲು ಕೊಡುವ ಮಾದೇವಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೆಟ್ಟವಾಡಿಗೆ ಹೋಗುವ ರಸ್ತೆಯ ಏರಿನಲ್ಲಿ ರಾತ್ರಿಯೆಲ್ಲ ನಿಂತಿದ್ದ ರೋಡ್ ರೋಲರಿನ ಮೈತುಂಬ ಇಬ್ಬನಿ. ಅದರ ಹಿಂದಿನ ಚಕ್ರದ ಬುಡದಲ್ಲಿ ಮಾದೇವಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ, ತಲೆಗೆ ಹಳೆಯ ಟವೆಲು. ಚಕ್ರಕ್ಕೆ ಒತ್ತಿಕೊಂಡು ನಿಂತ ಕಲ್ಲನ್ನು ಅಂಗೈಯಿಂದ ತಟ್ಟಿ, ಅದರ ಕೆಳಗಿನ ಮಣ್ಣನ್ನು ಬೆರಳಿನಲ್ಲಿ ಕೆದಕಿ ನೋಡುತ್ತಾರೆ. ಡ್ರೈವರ್ ಶಂಕರ್ ಮೇಲೆ ಹತ್ತಿ ಇಂಜಿನ್ ಚಾಲೂ ಮಾಡಿ, "ಕಲ್ಲ ತಗಿಯಕ್ಕ, ಒತ್ತಾಯ್ತು" ಎಂದು ಅವಸರ ಮಾಡುತ್ತಾನೆ.

"ಇರ್ಲಾ. ಮೊದ್ಲು ಬ್ರೇಕ್ ಮ್ಯಾಲ ಕಾಲ್ ಮಡಗು. ಮಡಗ್ದಾ? ಬಾಯ್ಬುಟ್ಟು ಯೋಳ್ಲಾ, ತಲ ಆಡುಸ್ಬ್ಯಾಡ."

"ಮಡಗಿವ್ನಿ ಕಣಕ್ಕ" ಎಂದು ಶಂಕರ್ ಕೂಗಿ ಹೇಳಿದ ಮೇಲೆಯೇ ಕಲ್ಲು ಚಕ್ರದಡಿಯಿಂದ ಹೊರಗೆ ಬರುತ್ತದೆ.

ತಾಳವಾಡಿ ಬೆಟ್ಟದ ಮೇಲೆ ಎಲ್ಲಿ ಟಾರು ಹಾಕಿದರೂ ಈ ರೋಲರಿನ ಪಕ್ಕದಲ್ಲಿ ಮಾದೇವಮ್ಮ ನಡೆಯುತ್ತಿರುತ್ತಾರೆ. ಬಿಸಿ ಟಾರು ಚಕ್ರಕ್ಕೆ ಅಂಟಿಕೊಂಡರೆ ಹಾಸಿದ ಜಲ್ಲಿಯೆಲ್ಲ ಕಿತ್ತು ಬರುತ್ತದೆ. ಅದಕ್ಕೇ ಗೋಣಿಯನ್ನು ನೀರಿನಲ್ಲಿ ಅದ್ದಿ, ತಿರುಗುವ ಚಕ್ರಕ್ಕೆ ಸವರುತ್ತಲೇ ಹೋಗಬೇಕು. ರೋಲರು ಮುಂದೆ ಹೋದರೆ ಇವರೂ ಮುಂದೆ, ಹಿಂದೆ ಬಂದರೆ ಇವರೂ ಹಿಂದೆ. ದಿಬ್ಬದಲ್ಲಿ ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಕಲ್ಲು ಕೊಡುವುದೂ ಇವರ ಪಾಲಿನದೇ. ಹಳೆಯ ರೋಲರು, ಅದರ ಬ್ರೇಕು ಹೆಸರಿಗಷ್ಟೇ ಬ್ರೇಕು. ಬಯಲುಸೀಮೆಯಲ್ಲಾದರೆ ಹೇಗೋ ನಡೆದೀತು. ಇಲ್ಲಿ ರಸ್ತೆ ಅಂದರೆ ಏರು, ಏರು ಮುಗಿದರೆ ಇಳಿಜಾರು.

ಮಾದೇವಮ್ಮನ ಊರು ದೊಡ್ಡಗಾಜನೂರು. ಗಂಡ ಜವರ ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುತ್ತಾರೆ. ಇವರೂ ಮೊದಲು ಕಳೆ ಕೀಳುತ್ತಿದ್ದವರೇ. ದಿಂಬಂ ಕಡೆ ರಸ್ತೆ ಕೆಲಸಕ್ಕೆ ಆಳು ಬೇಕೆಂದು ಮೇಸ್ತ್ರಿ ಬಂದಾಗ ಹೋದವರು ಆ ಕೆಲಸದಲ್ಲೇ ಉಳಿದರು. ಟಾರಿನ ಕಾವಿಗೆ ಚಪ್ಪಲಿ ಮೆತ್ತಗಾಗುತ್ತದೆ, ಹೊಗೆಗೆ ಕಣ್ಣು ಕೆಂಪಗಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಿದ್ದುಹೋಗುತ್ತದೆ. ಇದನ್ನೆಲ್ಲ ಅವರು ದೊಡ್ಡದು ಮಾಡಿ ಹೇಳುವುದಿಲ್ಲ. "ಕೂಲಿ ಅಂದ್ಮ್ಯಾಲ ಮೈ ನೋಯ್ದೆ ಇದ್ದದಾ ಸಾ? ಮೈ ನೋವ್ಗ ಬಿಸ್ನೀರ್ ಉಯ್ಕಂಡ್ರ ಓಯ್ತದ" ಎನ್ನುತ್ತಾರೆ.

ಮೈಯ ನೋವಲ್ಲದ ಇನ್ನೊಂದಿದೆ. ಅದು ಬಿಸಿನೀರಿಗೆ ಹೋಗುವುದಿಲ್ಲ.

ರಸ್ತೆ ಕೂಲಿಯವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಮಾದೇವಮ್ಮನ ಹೆಸರು ಮಾತ್ರ ಈ ಸುತ್ತಿನಲ್ಲಿ ಎಲ್ಲರಿಗೂ ಗೊತ್ತು, ಮತ್ತು ಅದೇ ಅವರ ಸಂಕಟ. ಇದೇ ಏರಿನಲ್ಲಿ, ರಸ್ತೆ ಪಕ್ಕದಲ್ಲಿ ಮೂರು ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಗುಡಿಯೊಂದಿದೆ. ಒಳಗೆ ವಿಭೂತಿ ಬಳಿದ ಒಂದು ಕಲ್ಲು. ಲಾರಿಯವರು ನಿಲ್ಲಿಸಿ ಕಾಯಿ ಒಡೆಯುತ್ತಾರೆ, 'ತಡೆಗಲ್ಲಪ್ಪ' ಎಂದು ಕೈಮುಗಿಯುತ್ತಾರೆ. ಓಡುತ್ತಿದ್ದ ರೋಲರನ್ನು ಮಾದೇವಮ್ಮ ಈ ದೇವರ ಕಲ್ಲಿನಿಂದ ನಿಲ್ಲಿಸಿ, ಜೊತೆಯ ಕೂಲಿಯವಳು ಸುಧಾಮಣಿಯ ಜೀವ ಉಳಿಸಿದಳು ಎಂದು ಊರು ಕಥೆ ಹೇಳುತ್ತದೆ. ಮಾದೇವಮ್ಮ ಆ ಗುಡಿಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಾರೆ. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ.

ನಡೆದದ್ದು ಬೇರೆ. ಅದು 2003ರ ಆಯುಧಪೂಜೆ.

ಅವತ್ತು ಅರ್ಧ ದಿನವಷ್ಟೇ ಕೆಲಸ. ರೋಲರನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದರು. ಸಲಿಕೆ, ಬಾಂಡಲಿ, ಪೊರಕೆ ಎಲ್ಲಕ್ಕೂ ಕುಂಕುಮ. ಆಗ ಶಂಕರನೇ, "ಅಕ್ಕ, ದಿನಾ ನಮ್ಮ ಕಾಯದು ನಿನ್ ಕಲ್ಲಲ್ವಾ? ಅದ್ಕೂ ಪೂಜ ಆಗ್ಲಿ" ಎಂದ. ಮಾದೇವಮ್ಮನಿಗೂ ಅದು ಸರಿ ಎನಿಸಿತು. ಒಂದು ಕಡೆ ಇಳಿಜಾರಾಗಿ ಒಡೆದ ಕರಿಕಲ್ಲು ಅದು, ಕೂಸಿನಷ್ಟು ಭಾರ. ತೊಳೆದು, ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಹೂ ಮುಡಿಸಿ ರೋಲರಿನ ಮುಂದೆ ಕೂರಿಸಿದರು. ಸಾಂಬ್ರಾಣಿ ಹಾಕಿದರು. ಎಲ್ಲರ ಜೊತೆ ತಾವೂ ಅದಕ್ಕೆ ಅಡ್ಡಬಿದ್ದರು.

ಪೂಜೆ ಮುಗಿದ ಮೇಲೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾದೇವಮ್ಮ ದೇವರ ಕಲ್ಲನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡು ಪಕ್ಕಕ್ಕೆ ಸರಿದರು. ಶಂಕರ್ ರೋಲರನ್ನು ಏರಿನ ಕಡೆಗೆ ನಾಲ್ಕು ಮಾರು ಬಿಟ್ಟು ಹಣ್ಣು ತುಳಿಸಿ, ಗೇರಿನಿಂದ ತೆಗೆದು, ಬೂದುಗುಂಬಳ ಒಡೆಯಲು ಕೆಳಗೆ ಜಿಗಿದ. ಅಕ್ಕ ಕಲ್ಲು ಕೊಟ್ಟಿರುತ್ತಾಳೆ ಎಂಬ ಧೈರ್ಯ ಅವನಿಗೆ.

ಅಕ್ಕ ಕಲ್ಲು ಕೊಟ್ಟಿರಲಿಲ್ಲ.

"ಕಲ್ಲು ನನ್ ಕಯ್ಯಲ್ಲೇ ಇತ್ತು ಸಾ. ಬಗ್ಗುದ್ರ ಕೊಟ್ಬುಡ್ಬೋದಾಗಿತ್ತು. ಅದ್ರ ಮ್ಯಾಲ ಈಬತ್ತಿ ಅದ, ಊವ ಅದ. ಈಗ್ತಾನ ಅಡ್ಬಿದ್ದಿವ್ನಿ. ಪೂಜ ಮಾಡಿದ್ ಕಲ್ಲ ಚಕ್ರದ್ ಕೆಳಕ್ ಎಂಗ್ ಮಡಗದು ಅನ್ನುಸ್ಬುಡ್ತು" ಎನ್ನುವಾಗ ಮಾದೇವಮ್ಮನ ದನಿ ಇಳಿದುಹೋಗುತ್ತದೆ. ಬೇರೆ ಕಲ್ಲಿಗೆ ಸುತ್ತ ನೋಡಿದರು. ಪೂಜೆಗೆಂದು ರಸ್ತೆಯನ್ನು ಗುಡಿಸಿ ಸಾರಿಸಿದ್ದರಲ್ಲ, ಕಲ್ಲು ಎಲ್ಲಿಂದ ಬರಬೇಕು? ಸಿಕ್ಕಿದ್ದು ಒಂದು ಚೂರು ಇಟ್ಟಿಗೆ. ಅದನ್ನೇ ಕಾಲಿನಲ್ಲಿ ತಳ್ಳಿದರು. ರೋಲರು ಇಟ್ಟಿಗೆಯನ್ನು ಪುಡಿ ಮಾಡಿ, ನಿಧಾನವಾಗಿ ಹಿಂದಕ್ಕೆ ಹೊರಟಿತು.

ನೋಡಲು ಊರಿನ ಅರ್ಧ ಜನ ಬಂದಿದ್ದರು. ಕೆಲಸ ನೋಡುವುದಕ್ಕಲ್ಲ, ಕಡ್ಲೆಪುರಿಗೆ. ಡ್ರೈವರಿಲ್ಲದ ರೋಲರು, ಕೊರಳಿಗೆ ಹಾರ ಹಾಕಿಕೊಂಡು, ಬಾಳೆಕಂದು ಅಲ್ಲಾಡಿಸುತ್ತ ತನ್ನಷ್ಟಕ್ಕೆ ಇಳಿಯುವುದನ್ನು ಕಂಡು ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. "ಮದ್ಲಿಂಗ ಒಂಟ, ದಾರಿ ಬುಡ್ರಪ್ಪೋ" ಎಂದು ಮದುವೆಗಂಡಿಗೆ ದಾರಿ ಬಿಡಿಸುವವರಂತೆ ಯಾರೋ ಕೂಗಿದರು. ಶಿಳ್ಳೆ ಬಿತ್ತು. ಶಂಕರ್ ಹತ್ತಲು ಹೋಗಿ ಕುಂಬಳದ ತಿರುಳಿನ ಮೇಲೆ ಜಾರಿ ಬಿದ್ದ, ಅದಕ್ಕೂ ನಗು. ಮಾದೇವಮ್ಮ ಕಲ್ಲನ್ನು ಎದೆಗವಚಿಕೊಂಡು ಚಕ್ರದ ಪಕ್ಕದಲ್ಲೇ ಓಡುತ್ತಿದ್ದರು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ನಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇಳಿಜಾರಿನ ಕೆಳಗೆ, ಖಾಲಿ ಟಾರು ಬ್ಯಾರಲ್ಲುಗಳ ನೆರಳಿನಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತು ಸುಧಾಮಣಿ ಕಡ್ಲೆಪುರಿ ಪೊಟ್ಟಣ ಕಟ್ಟುತ್ತಿದ್ದರು. ಮಾದೇವಮ್ಮನ ಕೇರಿಯವರೇ, ಜೊತೆಯಲ್ಲೇ ಕೂಲಿಗೆ ಬರುತ್ತಿದ್ದವರು. ಮೇಲಿನ ನಗು ಅವರಿಗೂ ಕೇಳಿಸಿತ್ತು. ಹಬ್ಬದ ದಿನದ ನಗು, ಯಾರದ್ದೋ ತಮಾಷೆ ಎಂದುಕೊಂಡು ತಿರುಗಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ "ಏಳು" ಎಂದು ಕೂಗಿದ್ದರೆ ಎದ್ದು ಪಕ್ಕಕ್ಕೆ ಹೋಗುವಷ್ಟು ಹೊತ್ತಿತ್ತು. ರೋಲರು ಬ್ಯಾರಲ್ಲನ್ನು ಗುದ್ದಿತು, ಬ್ಯಾರಲ್ಲು ಸುಧಾಮಣಿಯ ಕಾಲಿನ ಮೇಲೆ ಬಿತ್ತು. ಅವರ ಚೀರಾಟ ಕಿವಿಗೆ ಬಿದ್ದ ಮೇಲೆ ಮಾದೇವಮ್ಮ ಕಲ್ಲನ್ನು ಚಕ್ರದಡಿಗೆ ಎಸೆದರು. ನಜ್ಜುಗುಜ್ಜಾದ ಬ್ಯಾರಲ್ಲಿಗೂ ಕಲ್ಲಿಗೂ ಸಿಕ್ಕಿ ರೋಲರು ಮುಗ್ಗರಿಸಿ ನಿಂತಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸುಧಾಮಣಿಯನ್ನು ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅವರು ಕೋಲು ಹಿಡಿದು ಊರಿಗೆ ಮರಳುವ ಹೊತ್ತಿಗೆ ಗುಡಿ ಎದ್ದಿತ್ತು, ಕಥೆಯೂ ಎದ್ದಿತ್ತು. ನಕ್ಕವರಿಗೆ ತಮ್ಮ ನಗುವನ್ನು ಮುಚ್ಚಿಡಲು ಒಂದು ದೇವರು ಬೇಕಾಗಿತ್ತು, ಸಿಕ್ಕಿತು. ಈಗ ಯಾರನ್ನು ಕೇಳಿದರೂ ಅವತ್ತು ತಾವು ಊರಲ್ಲೇ ಇರಲಿಲ್ಲ ಎನ್ನುತ್ತಾರೆ. ಪಕ್ಕದ ಅರಿಶಿನ ಹೊಲದ ಸುಂದರ ಒಬ್ಬರೇ ಮುಖ ಬೇರೆ ಕಡೆ ತಿರುಗಿಸಿ ಒಪ್ಪಿಕೊಳ್ಳುತ್ತಾರೆ. "ನಾನೂ ಶಿಳ್ಳ ಒಡ್ದವ್ನೆಯ. ಆ ಯಮ್ಮ ಕೋಲೂರ್ಕಂಡು ಓಗದ ಕಂಡ್ರ ಈಗ್ಲೂವ ನಾನು ಒಲ್ದೊಳಕ್ಕ ಇಳ್ಕಬುಡ್ತೀನಿ."

ಮಾದೇವಮ್ಮನಿಗೆ ಇಳಿದುಕೊಳ್ಳಲು ಹೊಲವೂ ಇಲ್ಲ. ಸುಧಾಮಣಿಗೆ ಬೆನ್ನ ಹಿಂದಿನದು ಕಂಡಿರಲಿಲ್ಲ, ಊರು ಹೇಳಿದ್ದನ್ನೇ ನಂಬಿದರು. ಹಬ್ಬ ಬಂದರೆ ಒಬ್ಬಟ್ಟು ಕಳಿಸುತ್ತಾರೆ. ಎದುರಿಗೆ ಸಿಕ್ಕರೆ, "ನನ್ನ ಜೀವ ನೀನ್ ಕೊಟ್ಟಿರದು ಕಣಕ್ಕ" ಎನ್ನುತ್ತಾರೆ. ಒಂದು ಸಲ ಆ ಮುರಿದ ಕಾಲಿನಲ್ಲೇ ಬಗ್ಗಿ ಮಾದೇವಮ್ಮನ ಪಾದ ಮುಟ್ಟಿದ್ದಾರೆ. "ಆ ಒಬ್ಬಟ್ಟು ಗಂಟ್ಲಲ್ಲಿ ಇಳಿಯಲ್ಲ ಸಾ. ಯೋಳ್ಬುಡ್ಮ ಅಂತ ಎಷ್ಟೋ ಸಲ ಅವಳ್ ಮನ ಗಂಟ ಓಗಿವ್ನಿ. ಬಾಕ್ಲಲ್ಲಿ ಅವಳ್ ಕೋಲು ಕಂಡೇಟ್ಗೆ ಬಾಯಿ ಕಟ್ಕಬುಡ್ತದ. ನಂಗ ನಾಚ್ಕ ಆಯ್ತದ ಸಾ, ಊರವ್ರು ಕಯ್ಮುಗುದ್ರ ಇನ್ನೂ ನಾಚ್ಕ ಆಯ್ತದ."

ಇವತ್ತು ಆ ಮಾತಿಗೆ ಗಡುವು ಬಂದಿದೆ. ಮೂರು ವರ್ಷದ ಮೇಲೆ ಸುಧಾಮಣಿ ಮತ್ತೆ ಕೂಲಿಗೆ ಬಂದಿದ್ದಾರೆ. ಕೂತು ಮಾಡುವ ಕೆಲಸ, ಜಲ್ಲಿಯನ್ನು ಬಾಂಡಲಿಗೆ ತುಂಬಿಕೊಡುವುದು. ಜಲ್ಲಿ ಗುಡ್ಡೆ ಇರುವುದು ಇಳಿಜಾರಿನ ಕೆಳಗೆ. ರೋಲರಿಗೆ ಎದುರಾಗಿ ಕೂರು ಎಂದು ಮೇಸ್ತ್ರಿ ಹೇಳಿದರೆ, "ಬಿಸ್ಲು ಕಣ್ಗೊಡಿತದ ಬುಡಣ್ಣ. ಮಾದೇವಕ್ಕ ಇರುವಾಗ ನಂಗ್ಯಾತರ ಭಯ?" ಎಂದು ರೋಲರಿಗೆ ಬೆನ್ನು ಹಾಕಿ ಕೂತೇಬಿಟ್ಟಿದ್ದಾರೆ.

ಮೇಲಿನಿಂದ ಇದನ್ನು ಕೇಳಿಸಿಕೊಂಡ ಮಾದೇವಮ್ಮನ ಕೈಯಿಂದ ಗೋಣಿ ಜಾರುತ್ತದೆ. ಸುಳ್ಳನ್ನು ನಂಬಿ ಆ ಬೆನ್ನು ಅಲ್ಲಿ ಕೂತಿದೆ. ಶಂಕರನಿಗೆ ರೋಲರು ನಿಲ್ಲಿಸಲು ಹೇಳುತ್ತಾರೆ. ಚಕ್ರಕ್ಕೆ ಕಲ್ಲು ಕೊಟ್ಟು, ಒದ್ದು ನೋಡಿ, ಇಳಿಜಾರು ಇಳಿದು ಹೋಗಿ ಸುಧಾಮಣಿಯ ಎದುರು ಜಲ್ಲಿಯ ಮೇಲೆಯೇ ಕೂರುತ್ತಾರೆ. ಚಹಾಕ್ಕೆ ಬಂದ ಕೂಲಿಯವರೆಲ್ಲ ಸುತ್ತ ನಿಂತಿರುವಾಗಲೇ ಬಾಯಿ ಬಿಡುತ್ತಾರೆ.

"ಸುದಾಮಣಿ, ಅವತ್ತು ಕಲ್ಲು ಮೊದ್ಲಿಂದ್ಲೂ ನನ್ ಕಯ್ಯಲ್ಲೇ ಇತ್ತು ಕಣಮ್ಮಿ. ಪೂಜ ಮಾಡಿವ್ನಿ ಅಂತ ಕೊಡ್ನಿಲ್ಲ. ಅದ ತಬ್ಕಂಡು ಪಕ್ದಲ್ಲೇ ಓಡ್ದಿ. ನಿನ್ ಕಾಲು ಮುರುದ್ ಮ್ಯಾಲ ಎಸ್ದಿ. ನಿನ್ನ ನಾನು ಉಳುಸ್ನಿಲ್ಲ."

ಸುಧಾಮಣಿ ಬಾಂಡಲಿ ಕೆಳಗಿಡುತ್ತಾರೆ. ಒಬ್ಬ, "ಓಗ್ಲಿ ಬುಡಿ, ಎಲ್ಲಾ ದ್ಯಾವ್ರಾಟ" ಎಂದು ನಗಲು ನೋಡುತ್ತಾನೆ. ಅವನ ಜೊತೆ ಯಾರೂ ನಗುವುದಿಲ್ಲ.

ಆಮೇಲೆ ಸುಧಾಮಣಿ ಬೈಯಲು ಶುರುಮಾಡುತ್ತಾರೆ. "ಕಲ್ಲಿಗ್ ನೋವಾಯ್ತದ ಅಂತ ಮಡಿಕಂಡಿದ್ಯಾ? ನಂದೇನ್ ಕಾಲಲ್ವಾ, ಕೊರಡಾ? ಮೂರ್ ವರ್ಸ ನನ್ ಕಯ್ಯಲ್ಲಿ ಆ ಕಲ್ಗ ದೀಪ ಅಚ್ಚುಸ್ದಲ್ಲೇ, ನಿನ್ ಬಾಯ್ಗ ಮಣ್ಣಾಕ!" ಬೈಗುಳ ಮಾದೇವಮ್ಮನನ್ನು ದಾಟಿ ಶಂಕರನಿಗೆ ಹೋಗುತ್ತದೆ, ಶಿಳ್ಳೆ ಹೊಡೆದವರಿಗೆ ಹೋಗುತ್ತದೆ, ಗುಡಿ ಕಟ್ಟಿದವರ ಮನೆತನದವರೆಗೂ ಹೋಗಿ ಮತ್ತೆ ಮಾದೇವಮ್ಮನಿಗೇ ಬರುತ್ತದೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. ಮಾದೇವಮ್ಮ ತಲೆ ತಗ್ಗಿಸಿ ಒಂದೂ ಬಿಡದೆ ಕೇಳಿಸಿಕೊಳ್ಳುತ್ತಾರೆ.

ಬೈದು ಬೈದು ದಣಿದ ಸುಧಾಮಣಿ, ಕೋಲೂರಿ ಎದ್ದು, ಬಾಂಡಲಿಯನ್ನು ಗುಡ್ಡೆಯ ಆಚೆ ಬದಿಗೆ ಒಯ್ಯುತ್ತಾರೆ. ಈಗ ರೋಲರಿಗೆ ಎದುರಾಗಿ ಕೂರುತ್ತಾರೆ. ಬಿಸಿಲು ನೇರ ಕಣ್ಣಿಗೇ ಬೀಳುತ್ತದೆ. ಹಣೆಗೆ ಕೈ ಅಡ್ಡ ಹಿಡಿದು, ಇನ್ನೂ ಅಲ್ಲೇ ಕೂತಿರುವ ಮಾದೇವಮ್ಮನ ಕಡೆ ನೋಡದೆಯೇ ಇನ್ನೊಂದು ಕೈ ಚಾಚುತ್ತಾರೆ.

"ಎಲಡ್ಕ ಅದಾ?"

ಮಾದೇವಮ್ಮ ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಚೂರು ಇಟ್ಟು ಮಡಿಸಿ ಕೊಡುತ್ತಾರೆ. ಏರು ಹತ್ತಿ ರೋಲರಿನ ಬಳಿಗೆ ಮರಳುವಾಗ ಗುಡಿಯ ಮುಂದೆ ಹಾಯುತ್ತಾರೆ, ತಲೆ ತಗ್ಗುವುದಿಲ್ಲ. ಏನು ಅನ್ನಿಸುತ್ತಿದೆ ಎಂದು ಕೇಳಿದರೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ಚೆನ್ನಾಗ್ ಬಯ್ದ್ಲು ಸಾ. ಮೂರ್ ವರ್ಸದಲ್ಲಿ ಇವತ್ತೇ ಅವಳು ನನ್ ಜೊತ ಮಾತಾಡಿರದು."